ದೋಷ ಪೆನ್ನಿಂದೋ ಕೈದೋ

ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಬಿಡದಿಯ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ತಪಾಸಣೆ ಮೇಜಿನವಳು. ಬೆರಳುದ್ದದ ಉಕ್ಕಿನ ಸರಳುಗಳು ಟ್ರೇ ತುಂಬಾ ಬರುತ್ತಿದ್ದವು. ಒಂದೊಂದನ್ನೂ ಭೂತಗನ್ನಡಿಯ ಕೆಳಗೆ ತಿರುಗಿಸಿ, ಗೀರಿದೆಯೇ, ಸೊಟ್ಟಗಿದೆಯೇ ಎಂದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. "ಇವಳ ಬಾಯಿಗೆ ತಕ್ಕ ಕೆಲ್ಸನೇ ಸಿಕ್ತು ಬುಡು" ಎಂದು ಅಮ್ಮ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ನಾನೂ ಸುಮ್ಮನಿರುವ ಪೈಕಿ ಅಲ್ಲ. "ನಿನ್ನ ಸಾರಿಗೂ ಒಂದು ಕೆಂಪು ಚೀಟಿ ಐತೆ, ತಂದು ಅಂಟಿಸ್ಲಾ?" ಅನ್ನುತ್ತಿದ್ದೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಮೈಸೂರು ರಸ್ತೆ ಅಗಲವಾಗಿ, ಹಿಪ್ಪುನೇರಳೆ ತೋಟಗಳಿದ್ದ ಕಡೆ ತಗಡಿನ ಶೆಡ್ಡುಗಳು ಎದ್ದಿದ್ದವು. ಚನ್ನಪಟ್ಟಣಕ್ಕೆ ಮುಂಚೆ, ರಸ್ತೆಯಿಂದ ಒಳಗಿರುವ ಊರು ನಮ್ಮದು. ಬೆಳಿಗ್ಗೆ ದೊಡ್ಡ ರಸ್ತೆ ಸೇರುವ ಊರಿನ ಗೇಟಿನಲ್ಲಿ ಕಾರ್ಖಾನೆಯ ಬಸ್ಸು ಹತ್ತಿದರೆ ಕತ್ತಲಾಗುವ ಹೊತ್ತಿಗೆ ವಾಪಸ್ಸು. ಮನೆಯಲ್ಲಿ ಅಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತನಾಗಿದ್ದ. ಇರುವವಳು ನಾನೊಬ್ಬಳೇ ಮಗಳು.

ಅಪ್ಪನ ಅಕ್ಷರ ಅಂದರೆ ಸುತ್ತ ಊರಿನವರಿಗೆಲ್ಲ ಗೊತ್ತು. ದುಂಡಗೆ, ದಪ್ಪಗೆ, ತಲೆಕಟ್ಟು ಒಂದೇ ಎತ್ತರಕ್ಕೆ ಕೂತ ಅಕ್ಷರ. ಪಾಠ ಮಾಡುವಾಗ ಯಾವನಾದರೂ "ಸಾ, ಪೆನ್ನು ಸರಿಯಿಲ್ಲ ಸಾ" ಅಂದರೆ ಅವನ ಕಿವಿ ಹಿಂಡಿ, "ಪೆನ್ನಿನ್ ಮೇಲೆ ಹಾಕ್ತೀಯೇನ್ಲಾ?" ಎಂದು ಮತ್ತೆ ಬರೆಸುತ್ತಿದ್ದ. ನನ್ನ ಕಿವಿಯೂ ಆ ಕ್ಲಾಸಿನಲ್ಲಿ ಸಾಕಷ್ಟು ಸಲ ಕೆಂಪಾಗಿದೆ. ನಿವೃತ್ತನಾದ ಮೇಲೆ ಆ ಅಕ್ಷರಕ್ಕೆ ಉಳಿದ ಕೆಲಸ ಲಗ್ನಪತ್ರಿಕೆ ಬರೆಯುವುದೊಂದೇ.

ನಮ್ಮ ಕಡೆ ಮದುವೆ ಗಟ್ಟಿಯಾಗುವುದು ಲಗ್ನಪತ್ರಿಕೆ ಬರೆಸಿದ ದಿನ. ಹೆಣ್ಣಿನ ಮನೆಯ ನಡುಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂರುತ್ತಾರೆ. ಪುರೋಹಿತರು ಮುಹೂರ್ತ ಹೇಳುತ್ತಾರೆ. ಅಕ್ಷರ ಚೆನ್ನಾಗಿರುವವರೊಬ್ಬರು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಹಾಳೆಯ ಮೇಲೆ ಅದನ್ನು ಬರೆದು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಅಚ್ಚು ಹಾಕಿಸಿದ ಕಾರ್ಡೆಲ್ಲ ಆಮೇಲಿನ ಮಾತು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಹಾಳೆಯ ಮೇಲೆ ಶ್ರೀಕಾರ ಬಿದ್ದ ಮೇಲೆ ಅದನ್ನು ಹರಿಯುವಂತಿಲ್ಲ, ಬರೆಯುವ ಕೈ ಬದಲಾಗುವಂತಿಲ್ಲ. ನಡುವೆ ಕೈ ನಿಂತರೆ ಅಪಶಕುನ, ಮದುವೆಯೇ ನಿಂತಂತೆ. ಆದರೆ ಪೆನ್ನು ಕೆಟ್ಟು ನಿಂತರೆ ದೋಷವಿಲ್ಲ, ಹೊಸ ಹಾಳೆ ಹಾಕಿ ಯಾರು ಬೇಕಾದರೂ ಬರೆಯಬಹುದು.

ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಹಾಗೆ ಆಗಿತ್ತು. ಅಪ್ಪ ಬರೆಯುತ್ತಿದ್ದಾಗ ಪೆನ್ನಿನ ಕತ್ತು ಸೀಳಿ ಮಸಿಯೆಲ್ಲ ಹಾಳೆಯ ಮೇಲೆ ಸುರಿಯಿತು. ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತು, ಟವೆಲ್ಲು ಸರಿಮಾಡಿಕೊಂಡು, "ಮೇಷ್ಟ್ರೇ, ದೋಷ ಪೆನ್ನಿಂದೋ ಕೈದೋ?" ಎಂದು ಕೇಳಿದರು. "ಪೆನ್ನಿಂದು" ಅಂದ ಅಪ್ಪ. ಅಷ್ಟೇ. ಹೊಸ ಹಾಳೆ ಬಂತು, ಎಲ್ಲರೂ ನಕ್ಕರು, ಕಾಫಿ ಬಂತು. ಕಣ್ಣೆದುರೇ ಮಸಿ ಸುರಿಯುತ್ತಿರುವಾಗ ಇದೇನು ಕೇಳುವ ಪ್ರಶ್ನೆ ಎಂದು ನನಗೆ ನಗು ಬಂದಿತ್ತು. ಬರೆದವನು ಬಾಯಿಬಿಟ್ಟು ಹೇಳಲೇಬೇಕು, ಅದೇ ಶಾಸ್ತ್ರ ಅಂದಿದ್ದಳು ಅಮ್ಮ.

ನನಗೆ ಮಾಗಡಿ ಕಡೆಯಿಂದ ಗಂಡು ಬಂದಾಗ ಊರಿನ ಲೆಕ್ಕದಲ್ಲಿ ನನ್ನ ವಯಸ್ಸು ಮೀರಿತ್ತು. ಹುಡುಗ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ. ನೋಡಲು ಬಂದ ದಿನ, "ನಿಮ್ಮ ಕೆಲಸ ಏನು?" ಎಂದು ಕೇಳಿದ. "ತಪ್ಪು ಹುಡುಕೋದು" ಅಂದೆ. ಅವನು ಬಾಯಿ ತುಂಬಾ ನಕ್ಕು, "ಹಂಗಾದ್ರೆ ನನ್ನಲ್ಲಿ ಒಸಿ ನಿಧಾನಕ್ಕೆ ಹುಡುಕಿ" ಅಂದ. ನಾಚಿಕೆ ಯಾಕೆ, ಹೇಳಿಯೇ ಬಿಡುತ್ತೇನೆ: ಹುಡುಗ ನನಗೆ ತುಂಬಾ ಹಿಡಿಸಿಬಿಟ್ಟಿದ್ದ. ಕಾರ್ಖಾನೆಯಲ್ಲಿ ಸರಳು ತಿರುಗಿಸುತ್ತಾ ನಾನು ಒಬ್ಬಳೇ ನಗುತ್ತಿದ್ದೆ.

ಅಪ್ಪನಿಗೆ ಇದ್ದದ್ದು ಒಂದೇ ಆಸೆ. ಊರ ಮಂದಿಗೆಲ್ಲ ಬರೆದ ಕೈಯಲ್ಲಿ ತನ್ನ ಮಗಳ ಲಗ್ನಪತ್ರಿಕೆ ಬರೆಯಬೇಕು. ಅದೂ ಇಂಕು ಪೆನ್ನಿನಲ್ಲೇ. ಬಾಲ್‌ಪೆನ್ನಿನಲ್ಲಿ ಬರೆದದ್ದು ಅಂಗಡಿ ಚೀಟಿ ಇದ್ದಂತೆ ಅನ್ನುವುದು ಅವನ ವಾದ. ಆದರೆ ಅಷ್ಟು ಹೊತ್ತಿಗೆ ಅವನ ಹಳೆಯ ಪೆನ್ನು ತಕರಾರು ಶುರು ಮಾಡಿತ್ತು. "ನಿಬ್ಬು ಸವೆದೋಗೈತೆ ಕಣವ್ವ. ಸಾಲಿನ ಕೊನೇಗ್ ಬರೋ ಹೊತ್ಗೆ ಎಳೀತೈತೆ, ಅಕ್ಷರ ಎದ್ದೇಳಾಕಿಲ್ಲ" ಅನ್ನುತ್ತಿದ್ದ. ಮಸಿ ಬದಲಾಯಿಸಿದ. ಹಾಳೆ ಬದಲಾಯಿಸಿದ. ನಿಬ್ಬು ಹಾಕಿಸೋಣ ಎಂದು ನಾನು ರಾಮನಗರದ ಅಂಗಡಿಗಳನ್ನೆಲ್ಲ ಸುತ್ತಿದೆ. "ಇಂಕ್ ಪೆನ್ನಾ? ಯಾವ ಕಾಲ್ದಾಗಿದ್ದೀರಮ್ಮ!" ಎಂದು ಒಬ್ಬ ಬಾಲ್‌ಪೆನ್ನಿನ ಡಬ್ಬವನ್ನೇ ಮುಂದೆ ತಳ್ಳಿದ.

ಕಾರ್ಖಾನೆಯ ಆಫೀಸಿನಲ್ಲಿ ಕೂರುತ್ತಿದ್ದ ಒಬ್ಬಾಕೆ ಆಗ ಕಂಪ್ಯೂಟರಿನಲ್ಲಿ ಸೀರೆ, ಕುಕ್ಕರು ಎಲ್ಲ ತರಿಸುತ್ತಿದ್ದಳು. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತು ನಾನೂ ಒಂದು ಪೆನ್ನು ಆರಿಸಿದೆ. ಮುಟ್ಟದೆ, ತಿರುಗಿಸಿ ನೋಡದೆ ನಾನು ಕೊಂಡ ಮೊದಲ ಸಾಮಾನು ಅದು. ಪಾರ್ಸಲ್ಲು ಕಾರ್ಖಾನೆಯ ಗೇಟಿಗೇ ಬಂತು. ಕರೀ ಮೈ, ಚಿನ್ನದ ಬಣ್ಣದ ನಿಬ್ಬು. ಭೂತಗನ್ನಡಿಯಲ್ಲಿ ನೋಡಿದೆ, ಒಂದು ಗೀರಿಲ್ಲ. ಮನೆಗೆ ಹೋಗಿ ಅಪ್ಪನ ಕೈಗೆ ಕೊಟ್ಟಾಗ ಅವನ ಮುಖ ನೋಡಬೇಕಿತ್ತು. ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಶ್ರೀ ಎಂದು ಬರೆದು, "ಬೆಣ್ಣೆ ಇದ್ದಂಗೈತೆ ಕಣವ್ವಾ!" ಅಂದ.

ಮುಂದಕ್ಕೆ ನಾಲ್ಕು ಸಾಲು ಬರೆಯುವುದರೊಳಗೇ ಅವನ ಮುಖ ಸಣ್ಣಗಾಯಿತು. "ಇದೂ ಎಳೀತೈತಲ್ಲ" ಅಂದ.

ನೋಡಿದರೆ ನಿಜ. ಸಾಲಿನ ಮೊದಲಲ್ಲಿ ದುಂಡಗಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಕುಗ್ಗಿ ಕುಗ್ಗಿ ಕಡ್ಲೆಯಿಂದ ಎಳ್ಳಾಗಿತ್ತು. ಹಾಳೆಯ ಕೆಳಗಿನ ಸಾಲುಗಳಂತೂ ಇನ್ನೂ ಚಿಕ್ಕವು. ಅಮ್ಮ ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಇಳಿಸಿ ಬಗ್ಗಿ ನೋಡಿ, "ಏನ್ರೀ ಇದು, ರೇಷ್ಮೆ ಹುಳ ಮೊಟ್ಟೆ ಇಟ್ಟ ಹಾಳೆ ಇದ್ದಂಗೈತೆ! ಇದನ್ನ ಬಿಸಿಗಿಟ್ರೆ ಮರಿ ಬತ್ತವೆ" ಅಂದಳು. ಮೂವರೂ ನಕ್ಕೆವು.

ಮಾರಿದವನಿಗೆ ಮೇಲ್ ಬರೆದೆ. ನಿಬ್ಬನ್ನು ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಿರಿ ಅಂತ ಉತ್ತರ ಬಂತು. ತೊಳೆದೆವು. ಬೇರೆ ಮಸಿ ಹಾಕಿ ಅಂದ. ಹಾಕಿದೆವು. ಒತ್ತಿ ಬರೆಯಬೇಡಿ ಅಂದ. ಅಪ್ಪ ಆ ಮಾತಿಗೆ ಉರಿದುಬಿದ್ದ. "ನಂಗೆ ಬರೆಯೋದ್ ಹೇಳ್ಕೊಡ್ತಾನಾ ಅವನು?" ನಾನಂತೂ ಕೋಪ ಬಂದರೆ ಹಿಂದೆ ಮುಂದೆ ನೋಡುವವಳಲ್ಲ. ನಿಮ್ಮಲ್ಲಿ ತಪಾಸಣೆ ಮಾಡುವವರು ನಿದ್ದೆ ಹೊಡೆಯುತ್ತಾರಾ, ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮನೆಗೆ ಕಳಿಸಿರುತ್ತಿದ್ದರು ಎಂದು ಬಾಯಿಗೆ ಬಂದದ್ದನ್ನೆಲ್ಲ ಬರೆದು ಹಾಕಿದೆ. ಪಾಪ, ಅವನು ತಿರುಗಿ ಒಂದು ಮಾತೂ ಆಡದೆ ಪೆನ್ನು ವಾಪಸ್ಸು ತರಿಸಿಕೊಂಡು ಹೊಸದೊಂದನ್ನು ಕಳಿಸಿದ.

ಹೊಸದೂ ಎಳೆಯಿತು.

ನಾನು ಬರೆದು ನೋಡಿದೆ. ನನ್ನ ಕೈಯಲ್ಲಿ ನೀರು ಹರಿದಂತೆ ಹರಿಯಿತು. "ನಂಗೆ ಚೆನ್ನಾಗಿ ಬರೀತೈತಲ್ಲಪ್ಪ" ಅಂದೆ. "ನಿಂದು ಬಾಲ್‌ಪೆನ್ ಕೈ. ನಿಂಗೇನ್ ಗೊತ್ತಾಯ್ತದೆ ಸುಮ್ಕಿರು" ಎಂದು ಪೆನ್ನು ಕಿತ್ತುಕೊಂಡ. ಮತ್ತೆ ಮೇಲ್ ಬರೆದೆ. ಈ ಸಲ ಅವನು, ಪೆನ್ನು ಬಳಸುವವರ ಕೈಯಲ್ಲೇ ಒಂದು ಪುಟ ಬರೆಸಿ ಕಳಿಸಿ, ಎಲ್ಲಿ ಮಸಿ ನಿಲ್ಲುತ್ತದೆ ನೋಡೋಣ ಎಂದು ಕೇಳಿದ. ಅಪ್ಪ ಒಂದು ಪುಟ ಬರೆದುಕೊಟ್ಟ. ರಾಮನಗರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟುಕೊಂಡಿದ್ದವರು ಅದನ್ನು ಸ್ಕ್ಯಾನ್ ಮಾಡುತ್ತಾ, "ಮೇಲಿಂದು ಒಬ್ರು, ಕೆಳಗಿಂದು ಇನ್ನೊಬ್ರು ಬರ್ದಿರೋದಾ ಮೇಡಂ?" ಎಂದು ಕೇಳಿದರು. "ಇಲ್ಲ, ಎರಡೂ ನಮ್ಮಪ್ಪನೇ" ಅಂದೆ. ಅವರು ತಲೆ ಆಡಿಸಿ ಹಾಳೆ ವಾಪಸ್ಸು ಕೊಟ್ಟರು. ಯಾಕೋ ಆ ಮಾತು ನನ್ನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಹಾಳೆ ತೆಗೆದು ನೋಡಿದೆ. ಮಸಿ ಎಲ್ಲಿಯೂ ನಿಂತಿರಲಿಲ್ಲ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೇ ಕಪ್ಪು. ಕುಗ್ಗಿದ್ದು ಅಕ್ಷರ ಮಾತ್ರ.

ಮಾರನೆಯ ದಿನ ಕೆಲಸದಲ್ಲಿ ಒಂದು ಟ್ರೇಯ ಸರಳುಗಳಲ್ಲಿ ಗೀರು ಸಿಕ್ಕಿತು. ಇನ್ನೊಂದು ಟ್ರೇ ತರಿಸಿದೆ. ಅದರಲ್ಲೂ ಅದೇ ಜಾಗದಲ್ಲಿ ಅದೇ ಗೀರು. ಕೆಲಸಕ್ಕೆ ಸೇರಿದ ವಾರದಲ್ಲೇ ನಮಗೆ ಕಲಿಸಿದ್ದ ಪಾಠ ಅದು: ಒಂದು ಪೀಸಿನಲ್ಲಿ ಗೀರಿದ್ದರೆ ಪೀಸಿನ ದೋಷ; ಬೇರೆ ಬೇರೆ ಪೀಸುಗಳಲ್ಲಿ ಒಂದೇ ಗೀರು ಬಂದರೆ ಪೀಸನ್ನು ಬಿಡಿ, ಅದನ್ನು ಹಿಡಿದಿರುವುದನ್ನು ನೋಡಿ. ಯಂತ್ರ ನಿಲ್ಲಿಸಿ, ಸರಳನ್ನು ಕಚ್ಚಿಕೊಳ್ಳುವ ಹಿಡಿಯನ್ನು ಪರೀಕ್ಷಿಸಿ ಎಂದು ನಾನೇ ಕೂಗಿ ಹೇಳಿದೆ. ಹೇಳಿದವಳು ಅಲ್ಲೇ ನಿಂತುಬಿಟ್ಟೆ. ಹಳೇ ಪೆನ್ನು, ಹೊಸ ಪೆನ್ನು, ಅದರ ಬದಲಿಗೆ ಬಂದ ಪೆನ್ನು. ಎಲ್ಲದರಲ್ಲೂ ಒಂದೇ ದೋಷ. ಎಲ್ಲವನ್ನೂ ಹಿಡಿದದ್ದು ಒಂದೇ ಕೈ.

ಮನೆಗೆ ಬಂದು ಅಪ್ಪನನ್ನು ನೋಡಿದೆ. ನೋಡಿದೆ ಅಂದರೆ, ಮೇಜಿನ ಮೇಲೆ ಪೀಸು ನೋಡುವ ಹಾಗೆ ನೋಡಿದೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದಾಗ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಲೇ ಇತ್ತು. ಅಮ್ಮ ಅದನ್ನು ನೋಡಿ ಎಷ್ಟೋ ಸಲ "ನಿಮ್ಮಪ್ಪ ಜಪ ಮಾಡ್ತಾವ್ರೆ" ಎಂದು ತಮಾಷೆ ಮಾಡಿದ್ದಳು. ಎದ್ದು ನಡೆದರೆ ಎಡಗೈ ಬೀಸುತ್ತಿತ್ತು, ಬಲಗೈ ಬೀಸುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಇದೆಲ್ಲ ದಿನಾ ಕಣ್ಣೆದುರಿಗೇ ಇತ್ತು. ವಯಸ್ಸಾಯಿತು ಅಂದುಕೊಂಡಿದ್ದೆವು. ನಾನು ಹಿತ್ತಲಿಗೆ ಹೋಗಿ ನೀರು ತೊಟ್ಟಿಯ ಹಿಂದೆ ನಿಂತು ಅತ್ತೆ.

ರಾಮನಗರದ ಡಾಕ್ಟರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಯ ಡಾಕ್ಟರು ಅಪ್ಪನನ್ನು ನಡೆಸಿದರು, ಬೆರಳು ಮಡಿಸಿ ಬಿಡಿಸಲು ಹೇಳಿದರು. ಆಮೇಲೆ ತಮ್ಮ ಜೇಬಿನ ಪೆನ್ನು ಕೊಟ್ಟು, "ನಿಮ್ಮ ಹೆಸರು, ಊರು ಒಂದೇ ಸಾಲಿನಲ್ಲಿ ಬರೀರಿ" ಅಂದರು. ಅಪ್ಪ ಬರೆದ. ಬರೆದು, ಕೊನೆಯ ಅಕ್ಷರಗಳನ್ನು ನೋಡಿಕೊಂಡು, ಮೆಲ್ಲಗೆ, "ನಿಮ್ಮ ಪೆನ್ನೂ ಒಸಿ ಸರಿಯಿಲ್ಲ ಸಾರ್" ಅಂದ. ಡಾಕ್ಟರು ನಗಲಿಲ್ಲ. "ಪೆನ್ನು ಸರಿಯಾಗಿದೆ ಮೇಷ್ಟ್ರೇ" ಅಂದರು. ಪಾರ್ಕಿನ್ಸನ್ ಅನ್ನುವ ಕಾಯಿಲೆ, ಮೆದುಳಿಗೆ ಸಂಬಂಧಪಟ್ಟದ್ದು, ಕೆಲವರಿಗೆ ನಡುಕಕ್ಕಿಂತ ಮೊದಲು ಅಕ್ಷರ ಚಿಕ್ಕದಾಗುತ್ತದೆ, ಮಾತ್ರೆಯಿಂದ ತಡೆದು ಹಿಡಿಯಬಹುದು, ವಾಸಿಯಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಅಪ್ಪ ಪೆನ್ನನ್ನು ಅವರಿಗೆ ವಾಪಸ್ಸು ಕೊಟ್ಟ.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಬಿಡದಿ ದಾಟಿದ ಮೇಲೆ, "ಆ ಪೆನ್ನಿನವನಿಗೆ ಬರ್ದುಬುಡವ್ವ. ಪೆನ್ನು ಸರಿಯಾಗೈತೆ ಅಂತ. ಪಾಪ, ಬೈದ್ಬುಟ್ವಿ" ಅಂದ. ಅವನು ಪೆನ್ನಿನ ಮೇಲೆ ರೇಗುತ್ತಿದ್ದದ್ದೇ ಎಷ್ಟೋ ವಾಸಿಯಿತ್ತು ಅನ್ನಿಸಿತು. ಮೇಲ್ ಬರೆದೆ. ದೋಷ ಪೆನ್ನಿನದಲ್ಲ, ಕ್ಷಮಿಸಿ ಎಂದಷ್ಟೇ.

ಅಮ್ಮ ಅತ್ತಳು, ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಗಟ್ಟಿಯಾದಳು. "ಯಾರ ಕಿವೀಗೂ ಬೀಳ್ಬಾರ್ದು. ಹೆಣ್ಣಿನ ಅಪ್ಪನ್ಗೆ ನರದ ಕಾಯಿಲೆ ಅಂದ್ರೆ ಮಾಗಡಿಯೋರು ಹೊಸ್ಲು ತುಳೀತಾರಾ? ಮದ್ವೆ ಒಂದಾಗ್ಲಿ" ಅಂದಳು. ಲಗ್ನಪತ್ರಿಕೆಗೆ ದಿನ ಗೊತ್ತಾಗಿತ್ತು. ಬೇರೆ ಯಾರಿಂದಲಾದರೂ ಬರೆಸೋಣವೆಂದರೆ, ಊರಿಗೆಲ್ಲ ಬರೆದ ಮೇಷ್ಟ್ರು ಮಗಳದ್ದು ಯಾಕೆ ಬರೆಯಲಿಲ್ಲ ಎಂದು ಹತ್ತು ಬಾಯಿ ಕೇಳುತ್ತವೆ. ಅದೂ ಅಲ್ಲದೆ ಅಪ್ಪ ಬಿಟ್ಟುಕೊಡಲು ತಯಾರಿರಲಿಲ್ಲ. ಮಾತ್ರೆ ತೆಗೆದುಕೊಂಡ ಮೇಲೆ ಸ್ವಲ್ಪ ಹೊತ್ತು ಕೈ ಹಗುರಾಗುತ್ತಿತ್ತು, ಅಕ್ಷರ ಮೊದಲಿನಂತೆ ಅರಳುತ್ತಿತ್ತು. "ಬೆಳಿಗ್ಗೆ ಅವರು ಬರೋ ಹೊತ್ಗೆ ಸರಿಯಾಗಿ ಮಾತ್ರೆ ತಗೋತೀನಿ. ಒಂದು ಪತ್ರಿಕೆ ತಾನೇ. ಬರೀತೀನಿ" ಅಂದ. ಅಡುಗೆಮನೆಯಲ್ಲಿ ಅಮ್ಮ ನನ್ನ ತೋಳು ಹಿಡಿದು, "ಹೆಚ್ಚುಕಮ್ಮಿ ಆದ್ರೆ ಪೆನ್ನಿನ ಮೇಲೆ ಹಾಕ್ಬುಡು. ಆ ಕಂಪ್ಯೂಟ್ರು ಪೆನ್ನು ಇದ್ದೇ ಐತಲ್ಲ" ಅಂದಳು. ನಾನು ಹೂಂ ಅಂದೆ. ನಡುಮನೆಯಲ್ಲಿದ್ದ ಅಪ್ಪನಿಗೆ ಅದು ಕೇಳಿಸಿತೆಂದು ನನಗೆ ಗೊತ್ತಿತ್ತು.

ಆ ದಿನ ಅಪ್ಪ ಬಿಳಿ ಪಂಚೆ ಉಟ್ಟು, ಮಾತ್ರೆ ನುಂಗಿ, ಪೆನ್ನಿಗೆ ಮಸಿ ತುಂಬಿಕೊಂಡು ಚಾಪೆಯ ಮೇಲೆ ಕೂತ. ಬರಬೇಕಾದವರು ಬರಲಿಲ್ಲ. ಮಾಗಡಿ ರಸ್ತೆಯಲ್ಲಿ ಕಲ್ಲುಬಂಡೆ ಹೊತ್ತ ಲಾರಿ ಮಗುಚಿ, ಹಿಂದೆ ಮುಂದೆ ಗಾಡಿಗಳೆಲ್ಲ ನಿಂತಿವೆ ಎಂದು ಫೋನು ಬಂತು. ಪುರೋಹಿತರು ಗಡಿಯಾರ ನೋಡುತ್ತಿದ್ದರು, ನಾನು ಅಪ್ಪನ ಹೆಬ್ಬೆರಳು ನೋಡುತ್ತಿದ್ದೆ. ಅದು ಮೊದಲು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ತೋರುಬೆರಳನ್ನು ತಿಕ್ಕತೊಡಗಿತು. ಇನ್ನೊಂದು ಮಾತ್ರೆ ಕೊಡಲಾ ಎಂದು ಕಣ್ಣಲ್ಲೇ ಕೇಳಿದೆ. ಬೇಡ ಎಂದು ತಲೆ ಅಲ್ಲಾಡಿಸಿದ. ಹಾಳಾದ ಲಾರಿ, ಹಾಳಾದ ಬಂಡೆ, ಬೆಟ್ಟ ಒಡೆದು ಮಾರುವವರ ಮನೆ ಹಾಳಾಗ ಎಂದು ಮನಸ್ಸಿನಲ್ಲೇ ಶಾಪ ಹಾಕುತ್ತಾ ಕೂತೆ.

ಅವರು ಬಂದಾಗ ಊಟದ ಹೊತ್ತಾಗಿತ್ತು. ಒಳ್ಳೆಯ ಗಳಿಗೆ ಮುಗಿಯುತ್ತದೆ, ಬೇಗ ಬೇಗ ಎಂದು ಪುರೋಹಿತರು ಆತುರ ಮಾಡಿದರು. ಹುಡುಗ ಅವನ ದೊಡ್ಡಪ್ಪನ ಹಿಂದೆ ಕೂತು ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ.

ಅಪ್ಪ ಶ್ರೀಕಾರ ಬರೆದ. ಏನು ಚೆಂದ ಬಿತ್ತು ಅಂತೀರಿ! ಮೊದಲ ಸಾಲೂ ಅಷ್ಟೇ, ಹಳೆಯ ಮೇಷ್ಟ್ರ ಅಕ್ಷರ. "ಅಚ್ಚು ಹಾಕ್ದಂಗೈತೆ" ಎಂದು ಯಾರೋ ಅಂದರು. ಎರಡನೆಯ ಸಾಲಿನಲ್ಲಿ ಅವನ ತಲೆ ಹಾಳೆಯ ಮೇಲೆ ಬಾಗಿತು. ನನಗೆ ಅಕ್ಷರ ಕಾಣುತ್ತಿರಲಿಲ್ಲ, ಮುಂಗೈ ಮಾತ್ರ ಕಾಣುತ್ತಿತ್ತು. ಅದು ಸರಿಯುವುದು ಕಡಿಮೆಯಾಗುತ್ತಾ ಬಂತು. ಹೆಣ್ಣಿನ ಹೆಸರು ಬರೆಯಬೇಕಾದ ಜಾಗಕ್ಕೆ ಬಂದಾಗ ಕೈ ನಿಂತೇಹೋಯಿತು. ನಿಬ್ಬು ಹಾಳೆಗೆ ತಾಗಿಕೊಂಡೇ ಇದೆ, ಕೈ ಮಾತ್ರ ಮುಂದಕ್ಕೆ ಹೋಗದು. ಹುಡುಗನ ದೊಡ್ಡಪ್ಪ ಕನ್ನಡಕ ಏರಿಸಿ ಮುಂದಕ್ಕೆ ಬಾಗಿ ಹಾಳೆ ನೋಡಿದರು.

ನಾನು ಬಾಗಿಲು ಬಿಟ್ಟು ಈಚೆ ಬಂದೆ. "ಆ ಪೆನ್ನು ಕೆಟ್ಟೋಗೈತೆ. ಕಂಪ್ಯೂಟರಲ್ಲಿ ತರಿಸಿದ್ದು. ಮೊದಲನೇದೂ ಹಿಂಗೇ ಆಯ್ತು, ವಾಪಸ್ ಕಳಿಸಿದ್ವಿ. ಇದೂ ಅಷ್ಟೇ" ಅಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ದಿನವಿಡೀ ಸರಿ ತಪ್ಪು ಅಳೆಯುವವಳು, ಒಂದು ಗೀರಿಲ್ಲದ ಪೀಸಿಗೆ ಎಲ್ಲರ ಮುಂದೆ ಕೆಂಪು ಚೀಟಿ ಅಂಟಿಸಿದ್ದೆ. ನನಗೆ ಏನೂ ಅನ್ನಿಸಲಿಲ್ಲ. ಇನ್ನೂ ಹತ್ತು ಸುಳ್ಳು ಬೇಕಿದ್ದರೂ ಹೇಳುತ್ತಿದ್ದೆ.

ಕೂತವರ ಉಸಿರು ಸಡಿಲವಾಯಿತು. "ಕಣ್ಣಲ್ಲಿ ಕಾಣ್ದಲೇ ಕೊಂಡ್ರೆ ಇನ್ನೇನಾಯ್ತದವ್ವ!" ಎಂದು ದೊಡ್ಡಪ್ಪ ನಕ್ಕರು. ಹುಡುಗ ಜೇಬಿನಿಂದ ತನ್ನ ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಮ್ಮ ಆಗಲೇ ಹೊಸ ಹಾಳೆಗೆ ಅರಿಶಿನ ಹಚ್ಚುತ್ತಿದ್ದಳು. ಇನ್ನುಳಿದದ್ದು ಶಾಸ್ತ್ರದ ಮಾತೊಂದೇ. ದೊಡ್ಡಪ್ಪ ಎದ್ದು ನಿಂತು, ನಗುನಗುತ್ತಲೇ ಕೇಳಿದರು.

"ಮೇಷ್ಟ್ರೇ, ನಿಮ್ಮ ಬಾಯಲ್ಲಿ ಬಂದ್ಬುಡ್ಲಿ. ದೋಷ ಪೆನ್ನಿಂದೋ ಕೈದೋ?"

ಅಪ್ಪ ನನ್ನ ಕಡೆ ನೋಡಿದ. ಹೇಳಪ್ಪ, ಹೇಳು, ಒಂದೇ ಮಾತು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನು ಪೆನ್ನಿನ ಮುಚ್ಚಳ ತೆಗೆದುಕೊಂಡು ಹಾಕಲು ನೋಡಿದ. ಮುಚ್ಚಳ ನಿಬ್ಬಿನ ಆಚೆ ಈಚೆ ತಾಗಿ ತಾಗಿ ಕೊನೆಗೆ ಕೂತಿತು. ಎಲ್ಲರೂ ಅದನ್ನು ನೋಡಿದರು.

"ಪೆನ್ನು ಸರಿಯಾಗೈತೆ" ಅಂದ ಅಪ್ಪ. "ದೋಷ ಕೈದು. ಕಾಯಿಲೆ ಐತೆ, ವಾಸಿಯಾಗಾಕಿಲ್ಲ ಅಂದವ್ರೆ. ಮುಚ್ಚಿಟ್ಟು ಹೆಣ್ಣು ಕೊಡಾಕಿಲ್ಲ ನಾನು."

ಅಮ್ಮನ ಕೈಯಲ್ಲಿದ್ದ ಅರಿಶಿನದ ಬಟ್ಟಲು ಅಲ್ಲಿಗೇ ನಿಂತಿತು. ದೊಡ್ಡಪ್ಪ ಮೆಲ್ಲಗೆ ಕೂತು, ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. "ಇದು ಮಕ್ಕಳಿಗೂ ಬತ್ತದಾ ಮೇಷ್ಟ್ರೇ?" ಅಂದರು. "ಬರಾಕಿಲ್ಲ ಅಂತಾರೆ. ನಂಗೆ ಗೊತ್ತಿಲ್ಲ" ಅಂದ ಅಪ್ಪ. ಆ ಕಡೆಯ ಹೆಂಗಸೊಬ್ಬರು, ಪತ್ರಿಕೆ ನಿಂತ ಮೇಲೆ ಇನ್ನೇನು ಮಾತು ಎಂದು ಎದ್ದರು. ಊಟ ಮಾಡಿಕೊಂಡು ಹೋಗಿ ಎಂದು ಅಮ್ಮ ಬಾಗಿಲವರೆಗೆ ಹೋಗಿ ಕೈಮುಗಿದಳು. ದಾರಿ ದೂರ, ಮತ್ತೆ ಗಾಡಿ ಸಿಕ್ಕಿಹಾಕಿಕೊಂಡರೆ ಕಷ್ಟ ಅಂದರು. ಹುಡುಗ ಜಗುಲಿಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ತಲೆ ಎತ್ತಲಿಲ್ಲ. ವ್ಯಾನು ಹೊರಟುಹೋಯಿತು.

ನಾನು ಅಪ್ಪನ ಮೇಲೆ ಕೂಗಾಡಿದೆ. "ಒಂದ್ ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ವರ್ಷವೆಲ್ಲ ಪೆನ್ನು ಪೆನ್ನು ಅಂತ ಬೊಬ್ಬೆ ಹೊಡೆದೆಯಲ್ಲ, ಇವತ್ತೊಂದು ದಿನ ಅನ್ನೋಕೆ ಏನಾಗಿತ್ತು ನಿಂಗೆ?" ಇನ್ನೂ ಏನೇನೋ ಅಂದೆ. ಅಪ್ಪ ಕೂತ ಜಾಗ ಬಿಟ್ಟು ಏಳಲಿಲ್ಲ. "ಅಷ್ಟ್ ದಿನ ಪೆನ್ನಿನ್ ಮೇಲೆ ಹಾಕಿದ್ದೇ ಸಾಕು ಕಣವ್ವ" ಅಂದ. ಅಮ್ಮ ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳದ ಮನೆಗೆ ಹೋದಳು. ಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಹೊತ್ತು, ಮನೆಯಲ್ಲಿ ಏನೇ ಆದರೂ ಅವಕ್ಕೆ ಸೊಪ್ಪು ಬೀಳಲೇಬೇಕು. ಮಾಡಿದ ಪಾಯಸ ಹಾಗೇ ಇತ್ತು. ನಾನೂ ಅವಳ ಹಿಂದೆ ಹೋಗಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ಅಳುತ್ತಿದ್ದೆ.

ಬಿಸಿಲು ಇಳಿದ ಮೇಲೆ ಒಳಗೆ ಬಂದೆ. ಅಪ್ಪ ಇನ್ನೂ ಅದೇ ಚಾಪೆಯ ಮೇಲೆ, ಅದೇ ಹಾಳೆಯ ಮೇಲೆ ಬಗ್ಗಿ ಬರೆಯುತ್ತಿದ್ದ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಒಂದಕ್ಷರ ಬರೆದು ನಿಲ್ಲಿಸಿ, ಮತ್ತೊಂದಕ್ಷರ ಬರೆಯುತ್ತಿದ್ದ.

"ಏನಪ್ಪ ಇದು? ಮದುವೆನೇ ಇಲ್ವಲ್ಲ" ಅಂದೆ.

"ಶ್ರೀಕಾರ ಹಾಕಿದ್ ಹಾಳೆ. ಅರ್ಧಕ್ಕೆ ಬುಡಬಾರ್ದು ಕಣವ್ವ" ಅಂದ.

ದೀಪ ಹಚ್ಚುವ ಹೊತ್ತಿಗೆ ಮುಗಿಸಿ ನನ್ನ ಕೈಗೆ ಕೊಟ್ಟ. ಮೇಲೆ ಒಂದು ಸಾಲು ಅಕ್ಷರ, ಕೆಳಗೆ ಚುಕ್ಕಿ. "ಓದಕ್ಕಾಯ್ತದಾ?" ಎಂದು ಕೇಳಿದ. "ಆಯ್ತದೆ" ಅಂದೆ. ಒಂದಕ್ಷರವೂ ನನಗೆ ಕಾಣಿಸುತ್ತಿರಲಿಲ್ಲ.

ಆಮೇಲೆ ಅವನು ಪೆನ್ನು ಹಿಡಿಯಲಿಲ್ಲ. ಕೆಲವು ವರ್ಷಕ್ಕೆ ಚಮಚವನ್ನೂ ಹಿಡಿಯಲಾರದೆ ಹೋದ, ನಾನು ತಿನ್ನಿಸುತ್ತಿದ್ದೆ. ಒಂದೆರಡು ಕಡೆಯಿಂದ ನನ್ನನ್ನು ನೋಡಲು ಬಂದರು, ಜಗುಲಿಯಲ್ಲಿ ಕೂತಿದ್ದ ಅಪ್ಪನನ್ನು ನೋಡಿಕೊಂಡು ಹೋದರು. ಆ ಪಾಡನ್ನು ಬಿಡಿಸಿ ಬರೆಯಲು ನನಗೆ ಮನಸ್ಸಿಲ್ಲ. ಅಪ್ಪ ಹೋದ. ಅವನ ಟ್ರಂಕು ತೆಗೆದಾಗ ಪೆನ್ನಿನ ಜೊತೆ ಆ ಹಾಳೆ ಮಡಿಸಿಟ್ಟಿತ್ತು, ಮೂಲೆಯ ಅರಿಶಿನ ಕಂದಾಗಿತ್ತು.

ಅಪ್ಪನನ್ನು ನೋಡಿಕೊಳ್ಳಲು ಕಾರ್ಖಾನೆ ಬಿಟ್ಟಾಗ ನನ್ನ ಜೊತೆ ಬಂದಿದ್ದ ಭೂತಗನ್ನಡಿ ಮನೆಯಲ್ಲಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಕೆಳಗಿಟ್ಟೆ. ಚುಕ್ಕಿಗಳು ಎದ್ದು ಅಕ್ಷರಗಳಾದವು. ದುಂಡಗೆ, ತಲೆಕಟ್ಟು ಒಂದೇ ಎತ್ತರಕ್ಕೆ ಕೂತು, ಕೊಂಬು, ಒತ್ತು, ದೀರ್ಘ ಎಲ್ಲ ಇರಬೇಕಾದ ಕಡೆಯೇ ಇದ್ದವು. ನನ್ನ ಹೆಸರಿತ್ತು. ಅದರ ಪಕ್ಕ ಆ ಹುಡುಗನ ಹೆಸರಿತ್ತು. ದಿನ, ಮುಹೂರ್ತ, ಆಮೇಲೆ ತಾವೆಲ್ಲರೂ ಬಂದು ವಧೂವರರನ್ನು ಆಶೀರ್ವದಿಸಬೇಕು ಅನ್ನುವ ಸಾಲು. ಮೇಲಿನಿಂದ ಕೆಳಗಿನವರೆಗೆ ಒಂದೊಂದಕ್ಷರವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಎಷ್ಟು ಹುಡುಕಿದರೂ ನನಗೆ ಒಂದು ತಪ್ಪೂ ಸಿಗಲಿಲ್ಲ.